ಮಳೆಗಾಲದಲ್ಲಿ ಮಾಡಿದ ಕುರ್ಚಿ

(ಮಡಿಕೇರಿಯಲ್ಲಿ ಗೆಳೆಯರು ಸೇರಿಸಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಎರಡೆರಡು ಸಲ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಬಡಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹಿಂದಿನ ಸಾಲಿನಲ್ಲಿ ಇಬ್ಬರು ಆಚಾರಿಗಳು ಕೂತಿದ್ದಾರೆ, ಆಗಲೇ ನಗುತ್ತಿದ್ದಾರೆ. ಸುಂಟಿಕೊಪ್ಪದ ಹತ್ತಿರ ನನಗೆ ಸ್ವಲ್ಪ ಕಾಫಿ ತೋಟ ಇದೆ. ಮರಗೆಲಸ ಹವ್ಯಾಸ. ಮೊದಲು ಪುಸ್ತಕದ ಶೆಲ್ಫ್ ಮಾಡಿದೆ. ಆಮೇಲೆ ಊಟದ ಮೇಜು ಮಾಡಿದೆ. ಎರಡೂ ಚೆನ್ನಾಗಿ ಬಂದವು. ಆ ಧೈರ್ಯದಲ್ಲಿ, ಮೇಜಿಗೆ ಆರು ಕುರ್ಚಿಯನ್ನೂ ನಾನೇ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿಬಿಟ್ಟೆ. ಹಾಗೆ ಹೇಳಿ ನಾಲ್ಕು ವರ್ಷ ದಾಟಿತು. ಇವತ್ತಿಗೆ ಐದು ಕುರ್ಚಿ ಆಗಿವೆ. ಅದರಲ್ಲಿ ಒಂದು ಈಗ ಕುರ್ಚಿಯಾಗಿ ಉಳಿದಿಲ್ಲ. ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

ಮೊದಲನೇ ಕುರ್ಚಿ ಮಾಡಿದ್ದು ಕಕ್ಕಡದಲ್ಲಿ. ಇಲ್ಲಿರುವವರಿಗೆ ಕಕ್ಕಡ ಅಂದರೆ ಬಿಡಿಸಿ ಹೇಳಬೇಕಿಲ್ಲ. ಹೊರಗಿಂದ ಬಂದವರಿಗಾಗಿ ಹೇಳುತ್ತೇನೆ: ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು ಅದು. ಕಾಲಿಟ್ಟಲ್ಲಿ ಜಿಗಣೆ, ಒಣಗದ ಬಟ್ಟೆ, ಚಪ್ಪಲಿಗೆ ಬೂಷ್ಟು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಸುರಿದುಬಿಡುತ್ತದೆ. ತೋಟದಲ್ಲಿ ಆಗ ಕೆಲಸ ಕಮ್ಮಿ. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಅದರ ಬೆನ್ನಿಗೆ ಹೂಮಳೆಗೆ ಕಾಯುವುದು, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಉಳಿ ಹಿಡಿಯಲು ಪುರುಸೊತ್ತು ಸಿಗುವುದು ಮಳೆಗಾಲದಲ್ಲಿ ಮಾತ್ರ. ಮರಕ್ಕೆ ಬೇಕಾದದ್ದು ಬೇಸಿಗೆ. ನಮ್ಮೂರಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವನ ಕಷ್ಟವೆಲ್ಲ ಈ ಒಂದು ತಕರಾರಿನಲ್ಲಿದೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕುರ್ಚಿ ಚೆನ್ನಾಗಿಯೇ ಇತ್ತು. ಬಂದ ನೆಂಟರೆಲ್ಲ ಹೊಗಳಿದರು. ನಾನೂ ಸ್ವಲ್ಪ ಉಬ್ಬಿದೆ. ಫೆಬ್ರವರಿಯಲ್ಲಿ ನನ್ನ ಭಾವ ಬಂದಿದ್ದರು. ಊಟ ಆಯಿತು. ಅವರು ಹಿಂದಕ್ಕೆ ಒರಗಿ, ಮುಂಗಾಲು ಎರಡನ್ನೂ ನೆಲದಿಂದ ಎತ್ತಿ, ಕಾಳುಮೆಣಸಿನ ರೇಟಿನ ಬಗ್ಗೆ ಏನೋ ಹೇಳುತ್ತಿದ್ದರು. ಟಕ್ ಅಂತ ಒಂದು ಸದ್ದು. ದೊಡ್ಡ ಸದ್ದೇನಲ್ಲ, ಬೆರಳು ನೆಟಿಗೆ ತೆಗೆದ ಹಾಗೆ. ಭಾವ ಮಾತು ನಿಲ್ಲಿಸಿದರು. ಆಮೇಲೆ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ನೆಲಕ್ಕೆ ಇಳಿದರು.

ಅವರಿಗೆ ಏನೂ ಆಗಲಿಲ್ಲ. ಅವರನ್ನು ಎಬ್ಬಿಸಿದ್ದು ನನ್ನ ಹೆಂಡತಿ. ನಾನು ಕುರ್ಚಿ ನೋಡುತ್ತಾ ಕೂತೆ. ಅದಕ್ಕೆ ಸಿಕ್ಕ ಬೈಗುಳ ಇಲ್ಲಿ ಬೇಡ.

ಮುರಿದದ್ದು ಎಲ್ಲಿ? ಮುರಿದೇ ಇರಲಿಲ್ಲ. ಆಸನದ ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಜಾಗ ಇದೆಯಲ್ಲ, ಅಲ್ಲಿ ಕಾಲಿಗೆ ಒಂದು ತೂತು ಹೊಡೆದಿರುತ್ತೇವೆ, ಪಟ್ಟಿಯ ತುದಿಯಲ್ಲಿ ಅದರೊಳಗೆ ಹೋಗುವ ನಾಲಿಗೆ ಬಿಟ್ಟಿರುತ್ತೇವೆ. ಆ ನಾಲಿಗೆ ಹಾಗೇ ಜಾರಿ ಹೊರಗೆ ಬಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಮುಖದ ಮೇಲೆ ಅಂಟು ಗಾಜಿನ ಹಾಗೆ ಹೊಳೆಯುತ್ತಿತ್ತು. ಮರದ ಒಂದು ಎಳೆಯೂ ಅದಕ್ಕೆ ಕಚ್ಚಿಕೊಂಡು ಬಂದಿರಲಿಲ್ಲ. ಇನ್ನೊಂದು ಮುಖದ ಕೆಳಮೂಲೆಗೆ ಅಂಟು ಮುಟ್ಟಿಯೇ ಇರಲಿಲ್ಲ. ನಾಲಿಗೆಯನ್ನು ಮತ್ತೆ ತೂತಿಗೆ ಹಾಕಿದೆ. ಕಕ್ಕಡದಲ್ಲಿ ಕೊಡತಿಯಿಂದ ಬಡಿದು ಕೂರಿಸಿದ್ದು, ಈಗ ಬೆಂಕಿಪೊಟ್ಟಣದ ಡ್ರಾಯರಿನ ಹಾಗೆ ಓಡಾಡುತ್ತಿತ್ತು.

ಇದು ಯಾಕೆ ಹೀಗಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಜಾರಾದರೆ ಕಾಫಿ ಆ ಕಡೆ ಇದೆ.

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ತೇವ ಶೇಕಡ 90ರಲ್ಲೇ ನಿಂತಿದ್ದರೆ ಮರದೊಳಗಿನ ತೇವ ನಿಧಾನಕ್ಕೆ ಶೇಕಡ 20ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯದು 65 ಇದ್ದರೆ ಮರದ್ದು 12. ಗಾಳಿಯದು 50ಕ್ಕೆ ಇಳಿದರೆ ಮರದ್ದು 9. ಅಂದರೆ ಜುಲೈನಲ್ಲಿ ನಾನು ಅಳತೆ ಹಾಕಿದ ಪಟ್ಟಿ ಮತ್ತು ಫೆಬ್ರವರಿಯಲ್ಲಿ ಭಾವ ಕೂತ ಪಟ್ಟಿ, ಲೆಕ್ಕದ ಪ್ರಕಾರ ಎರಡು ಬೇರೆ ಬೇರೆ ಸೈಜಿನ ವಸ್ತು.

ಉದ್ದಕ್ಕೆ ಮರ ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಕುಗ್ಗುವುದು ಅಡ್ಡಕ್ಕೆ. ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು ಜಾಸ್ತಿ. ಈಗ ಆ ಜೋಡಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲು ನಿಂತಿದೆ, ಎಳೆ ಮೇಲಿಂದ ಕೆಳಕ್ಕೆ. ಅದರಲ್ಲಿ 2 ಅಂಗುಲ ಎತ್ತರದ ತೂತು. ಆ ತೂತಿನ ಎತ್ತರ ಕಾಲಿನ ಎಳೆಯ ಗುಂಟ ಇದೆ, ಹಾಗಾಗಿ ಬೇಸಿಗೆ ಬಂದರೂ ಮಳೆ ಬಂದರೂ ಅಷ್ಟೇ ಇರುತ್ತದೆ. ಪಟ್ಟಿ ಮಲಗಿದೆ. ಅದರ ನಾಲಿಗೆಯ 2 ಅಂಗುಲ ಎಳೆಗೆ ಅಡ್ಡ ಇದೆ. ಅದು ಕುಗ್ಗುತ್ತದೆ. 20ರಿಂದ 11ಕ್ಕೆ ತೇವ ಇಳಿದರೆ ಬಹಳ ಮರಗಳಲ್ಲಿ ಸುಮಾರು ಒಂದು ಮಿಲಿಮೀಟರ್. ಒಂದು ಅಲುಗಾಡಲ್ಲ, ಇನ್ನೊಂದು ಸರಿಯುತ್ತದೆ, ನಡುವೆ ಸಿಕ್ಕಿಕೊಂಡದ್ದು ಅಂಟು. ಒಂದು ಮಿಲಿಮೀಟರ್ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ.

ಮೇಜಿನಲ್ಲೂ ಇದೇ ಜೋಡಣೆ ಇದೆ. ನನ್ನ ಮೇಜನ್ನು ಮಾಡಿದ್ದೂ ಮಳೆಯಲ್ಲೇ. ಅದಕ್ಕೆ ಏನೂ ಆಗಿಲ್ಲ. ಯಾಕೆಂದರೆ ಮೇಜಿಗೆ ಯಾರೂ ಒರಗುವುದಿಲ್ಲ. ಅದರ ಭಾರ ನೆಟ್ಟಗೆ ಕೆಳಗೆ ಹೋಗುತ್ತದೆ. ಕುರ್ಚಿಯ ಹಿಂಗಾಲು ಹಾಗಲ್ಲ, ಅದು ಮೊಳೆ ಕೀಳುವ ಸುತ್ತಿಗೆಯ ಹಿಡಿ ಇದ್ದ ಹಾಗೆ. ಒಂದು ಸಣ್ಣ ಲೆಕ್ಕ ಮಾಡೋಣ. ಒರಗಿನ ಮೇಲ್ತುದಿ ಆಸನದಿಂದ 18 ಅಂಗುಲ ಮೇಲಿದೆ. ಅಲ್ಲಿ ಭಾವ 20 ಕಿಲೋ ಭಾರ ಹಿಂದಕ್ಕೆ ಹಾಕಿದರು ಅನ್ನಿ. 18 ಇಂಟು 20, 360. ಇದನ್ನು ತಡೆಯಬೇಕಾದದ್ದು 2½ ಅಂಗುಲ ಅಗಲದ ಪಟ್ಟಿ. 360ನ್ನು 2½ರಿಂದ ಭಾಗಿಸಿದರೆ 144. ಎಡಕ್ಕೊಂದು ಬಲಕ್ಕೊಂದು ಜೋಡಣೆ ಇದೆ, ಹಂಚಿದರೆ ಒಂದೊಂದಕ್ಕೆ 72 ಕಿಲೋ ಎಳೆತ. 20 ಕಿಲೋ ಒರಗಿದ್ದಕ್ಕೆ! ಇದು ಒರಟು ಲೆಕ್ಕ, ಎಂಜಿನಿಯರುಗಳು ಕ್ಷಮಿಸಬೇಕು. ಆದರೆ ಹಳೆಯ ಕುರ್ಚಿಗಳೆಲ್ಲ ಸಾಮಾನ್ಯವಾಗಿ ಅಲ್ಲೇ ಸಡಿಲ ಆಗುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಮನೆಗೆ ಹೋಗಿ ನಿಮ್ಮ ಕುರ್ಚಿಗಳನ್ನು ಅಲ್ಲಾಡಿಸಿ ನೋಡಿ.

ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ಆಸನದ ಪಟ್ಟಿಯಿಂದ 10 ಅಂಗುಲ ಕೆಳಗೆ, ಮುಂಗಾಲಿಗೂ ಹಿಂಗಾಲಿಗೂ ಇನ್ನೊಂದು ಅಡ್ಡಪಟ್ಟಿ ಹಾಕಿದೆವು ಅನ್ನಿ. ಆಗ 360ನ್ನು ಭಾಗಿಸುವುದು 10ರಿಂದ. 36. ಒಂದು ಬದಿಗೆ 18 ಕಿಲೋ. ಹಳೇ ಕಾಲದ ಕುರ್ಚಿಗಳಿಗೆ ಕೆಳಗೆ ಅಡ್ಡಪಟ್ಟಿ ಇರುತ್ತಿದ್ದದ್ದು ಕಾಲಿಡಲು ಅಂತ ನಾನು ತಿಳಿದಿದ್ದೆ. ನನ್ನ ಮೊದಲ ಕುರ್ಚಿಗೆ ಅದು ಇರಲಿಲ್ಲ. ಇಲ್ಲದಿದ್ದರೆ ನೋಡಲು ಚೆಂದ, ಸ್ಟೈಲ್ ಅಲ್ವಾ?

ಭಾವ ಬಿದ್ದ ಮಾರನೇ ವಾರ ಒಬ್ಬ ಹಿರಿಯ ಆಚಾರಿಯನ್ನು ಮನೆಗೆ ಕರೆದೆ. ಐವತ್ತು ವರ್ಷ ಕೆಲಸ ಮಾಡಿದ ಕೈ. ಉಳಿದ ಮೂರು ಜೋಡಣೆ ಗಟ್ಟಿಯಾಗಿದ್ದ ಆ ಕುರ್ಚಿಯನ್ನು ಅವರ ಮುಂದೆ ಇಟ್ಟೆ. ಅವರು ಕೂರಲಿಲ್ಲ. ಒರಗನ್ನು ನೋಡಲಿಲ್ಲ, ಪಾಲಿಶ್ ಮುಟ್ಟಲಿಲ್ಲ. ಕುರ್ಚಿಯನ್ನು ಎತ್ತಿ ಮಗುಚಿ ಮೇಜಿನ ಮೇಲೆ ಇಟ್ಟರು. ಕಾಲು ನಾಲ್ಕೂ ಮೇಲೆ. ಹೆಬ್ಬೆರಳಿನ ಉಗುರನ್ನು ಪಟ್ಟಿಯೂ ಕಾಲೂ ಸೇರುವ ಗೆರೆಯ ಮೇಲೆ ಎಳೆದರು. ನಾಲ್ಕು ಮೂಲೆಯಲ್ಲೂ ಎಳೆದರು. ಎಲ್ಲ ಕಡೆ ಉಗುರು ಒಂದಿಷ್ಟು ಸಿಕ್ಕಿಕೊಂಡಿತು.

"ಸಾರ್, ಇದು ಮಳೇಲಿ ಮಾಡಿದ್ದಲ್ವಾ?" ಅಂದರು.

ಹೌದು ಅಂದೆ.

"ನಮ್ಮಪ್ಪ ಮಳೇಲಿ ನೇಗಿಲು, ನೊಗ, ಕತ್ತಿ ಹಿಡಿ ಬಿಟ್ಟು ಬೇರೇನೂ ಮಾಡ್ತಿರಲಿಲ್ಲ. ಬಾಗಿಲು, ಮಂಚ ಎಲ್ಲ ಸುಗ್ಗಿ ಆದ್ಮೇಲೆ."

ಅವರ ಅಪ್ಪನಿಗೆ ಕಾಫಿ ತೋಟ ಇರಲಿಲ್ಲ, ಬೇಸಿಗೆಯಲ್ಲಿ ಕೆಲಸ ಮಾಡಬಹುದಿತ್ತು. ನನಗೆ ಹಾಗಾಗದು. ಅದನ್ನೇ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಮೇಲೆ ನೋಡಿ, "ಅಟ್ಟ ಖಾಲಿ ಇದೆಯಲ್ಲ" ಅಂದರು.

ನಮ್ಮ ಮನೆಯಲ್ಲಿ ಗ್ಯಾಸ್ ಇದ್ದರೂ ಹಿಂದಿನ ಅಡಿಗೆಮನೆಯಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತದೆ. ಮೇಲೆ ಅಟ್ಟ. ಅಮ್ಮನ ಕಾಲದಲ್ಲಿ ಅಲ್ಲಿ ಏಲಕ್ಕಿ, ಒಣಮೀನು, ಬಿತ್ತನೆ ಬೀಜ ಇರುತ್ತಿತ್ತು. ಈಗ ನನ್ನ ಕುರ್ಚಿಯ ಪಟ್ಟಿಗಳು ಇವೆ. ಹೇಗೆ ಮಾಡುತ್ತೇನೆ ಅಂದರೆ, ಮರವನ್ನು ಮೊದಲು ಬೇಕಾದ ಅಳತೆಗಿಂತ ಸ್ವಲ್ಪ ದಪ್ಪಕ್ಕೆ ಸೀಳಿಕೊಳ್ಳುತ್ತೇನೆ. ಪಟ್ಟಿಗಳ ನಡುವೆ ರೀಪಿನ ತುಂಡು ಇಟ್ಟು, ಗಾಳಿಯಾಡುವ ಹಾಗೆ ಅಟ್ಟದಲ್ಲಿ ಜೋಡಿಸುತ್ತೇನೆ. ವಾರಕ್ಕೊಮ್ಮೆ ಒಂದೇ ಪಟ್ಟಿಯನ್ನು ಇಳಿಸಿ ಅಡಿಗೆಮನೆಯ ತಕ್ಕಡಿಯಲ್ಲಿ ತೂಕ ನೋಡುತ್ತೇನೆ. ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಹೋದ ವರ್ಷದ ಒಂದು ಪಟ್ಟಿ ಶುರುವಿನಲ್ಲಿ 410 ಗ್ರಾಂ ಇತ್ತು. 401, 392, 385, ಹೀಗೇ ಇಳಿದು 376ಕ್ಕೆ ಬಂತು. ಮುಂದಿನ ವಾರವೂ 376. ಅಲ್ಲಿಗೆ ಮುಗಿಯಿತು. ಹೊರಗೆ ಕಕ್ಕಡ, ಪಟ್ಟಿಯೊಳಗೆ ಫೆಬ್ರವರಿ.

ಇಳಿಸಿದ ಪಟ್ಟಿಗೆ ಅವತ್ತೇ ನಾಲಿಗೆ ಬಿಡಿಸುತ್ತೇನೆ. ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುತ್ತೇನೆ. ಕಾಲುಗಳನ್ನು ಅಷ್ಟು ಒಣಗಿಸುವುದಿಲ್ಲ. ಇಂಗ್ಲೆಂಡಿನ ಹಳೇ ಕುರ್ಚಿ ಕೆಲಸಗಾರರಿಗೆ ಈ ಗುಟ್ಟು ಗೊತ್ತಿತ್ತು. ಒಳಗೆ ಹೋಗುವ ತುಂಡು ಚೆನ್ನಾಗಿ ಒಣಗಿರಬೇಕು, ತೂತಿರುವ ತುಂಡಿನಲ್ಲಿ ಸ್ವಲ್ಪ ಹಸಿ ಉಳಿದಿರಬೇಕು. ಸೇರಿಸಿದ ಮೇಲೆ ಒಳಗಿನದು ಊದಿಕೊಳ್ಳುತ್ತದೆ, ಹೊರಗಿನದು ಕುಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ಸುಮ್ನೆ ಅಂಟನ್ನು ನಂಬಿ ಕೂರುವ ಬದಲು ಬಿದಿರಿನ ಆಣಿಯನ್ನೂ ಹೊಡೆಯುತ್ತೇನೆ. ಅದಕ್ಕೂ ಒಂದು ಉಪಾಯ ಇದೆ. ಕಾಲಿನಲ್ಲಿ ಕೊರೆದ ತೂತಿಗಿಂತ ನಾಲಿಗೆಯ ತೂತನ್ನು ಒಂದು ಮಿಲಿಮೀಟರ್ ಪಟ್ಟಿಯ ಕಡೆಗೆ ಸರಿಸಿ ಕೊರೆಯಬೇಕು. ಆಣಿ ಹೊಡೆದಾಗ ಅದು ಬಾಗಿಕೊಂಡು ನುಗ್ಗುತ್ತದೆ, ಪಟ್ಟಿಯನ್ನು ಕಾಲಿಗೆ ಎಳೆದು ಬಿಗಿಮಾಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ ಇದನ್ನು ಮಾಡಬಹುದು ಅನ್ನುವುದು ಇನ್ನೊಂದು ಅನುಕೂಲ.

ಅಂಟಿನ ಬಗ್ಗೆ ಒಂದೇ ಮಾತು. ನಾವೆಲ್ಲ ಬಳಸುವ ಬಿಳಿ ಅಂಟಿಗೆ ಚಳಿ ಆಗುವುದಿಲ್ಲ. ಡಿಸೆಂಬರ್ ಬೆಳಗಿನ ಹತ್ತು ಡಿಗ್ರಿ ಥಂಡಿಯಲ್ಲಿ ಹಚ್ಚಿದರೆ ಅದು ಪಾರದರ್ಶಕ ಆಗುವ ಬದಲು ಸೀಮೆಸುಣ್ಣದ ಹಾಗೆ ಬೆಳ್ಳಗೆ ಒಣಗುತ್ತದೆ, ಹಿಡಿತ ಬರುವುದಿಲ್ಲ. ಮಧ್ಯಾಹ್ನದವರೆಗೆ ಕಾಯಿರಿ.

ಈ ಕುಗ್ಗುವ ಹಿಗ್ಗುವ ತಾಪತ್ರಯವನ್ನು ಬೇರೆ ದಾರಿಯಿಂದ ದಾಟಿದವರೂ ಇದ್ದಾರೆ. ಆಸ್ಟ್ರಿಯಾದ ಮೈಕೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯನ್ನು ನೀವೆಲ್ಲ ಎಲ್ಲೋ ನೋಡಿರುತ್ತೀರಿ. ದುಂಡಗೆ ಬಗ್ಗಿಸಿದ ಮರದ್ದು, ಹಳೇ ಹೋಟೆಲುಗಳಲ್ಲಿ ಅದರ ನಕಲುಗಳು ಇರುತ್ತಿದ್ದವು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುತ್ತಿದ್ದರು. ಒಟ್ಟು ಆರು ತುಂಡು, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಮರ ಕುಗ್ಗಿ ಸಡಿಲವಾದರೆ ತಿರುಪು ಬಿಗಿ ಮಾಡಿದರಾಯಿತು. ನನಗೆ ಅದರ ಮೇಲೆ ಗೌರವ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಇಷ್ಟು ಜೋಡಣೆಯ ಕಥೆ. ಜೋಡಣೆ ಗಟ್ಟಿಯಾದ ಮಾತ್ರಕ್ಕೆ ಕುರ್ಚಿ ಆಗಿಬಿಡುವುದಿಲ್ಲ ಅಂತ ಹೇಳಿಕೊಟ್ಟದ್ದು ನಮ್ಮಮ್ಮ.

ಎರಡನೇ ಕುರ್ಚಿಯನ್ನು ಪಟ್ಟಾಗಿ ಕೂತು ಒಂದು ವಿದೇಶಿ ನಕ್ಷೆಯ ಪ್ರಕಾರ ಮಾಡಿದೆ. ಆಸನದ ಎತ್ತರ 18 ಅಂಗುಲ, ಮೇಜಿನ ಎತ್ತರ 30. ಅಮ್ಮನನ್ನು ಕೂರಿಸಿದೆ. ಅಮ್ಮನ ಎತ್ತರ 4 ಅಡಿ 10 ಅಂಗುಲ. ಹಿಂದಕ್ಕೆ ಸರಿದು ಕೂತರೆ ಪಾದ ನೆಲ ಬಿಟ್ಟು ಗಾಳಿಯಲ್ಲಿ ತೂಗಾಡುತ್ತಿತ್ತು. ಮುಂದಕ್ಕೆ ಸರಿದು ಕೂತರೆ ಒರಗು ಬೆನ್ನಿಗೆ ಸಿಗುತ್ತಿರಲಿಲ್ಲ. ಎರಡು ನಿಮಿಷ ಕೂತು ಅಮ್ಮ, "ಏನೋ ಇದು, ಹಲ್ಲು ಕೀಳಿಸೋಕೆ ಕೂತ ಹಾಗಿದೆ" ಅಂದರು. ಎದ್ದು ಹೋಗಿ ತಮ್ಮ ಹಳೇ ಬೆಂಚಿನ ಮೇಲೆ ಕೂತರು. ಊಟ ಅಲ್ಲೇ ಆಯಿತು.

ಆಸನ ಎತ್ತರ ಜಾಸ್ತಿಯಾದರೆ ಅದರ ಮುಂದಿನ ಅಂಚು ತೊಡೆಯ ಅಡಿಯನ್ನು ಒತ್ತುತ್ತದೆ. ಕಾಲು ಜೋಮು ಹಿಡಿಯುತ್ತದೆ. ಅಳೆಯಬೇಕಾದದ್ದು ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ. ಅಳೆದೆ. ಅಮ್ಮನದು 15 ಅಂಗುಲ, ಹೆಂಡತಿಯದು 16, ಮಗನದು 18. ಒಂದೇ ಮನೆ, ಒಂದೇ ಮೇಜು. ಎಲ್ಲರಿಗೂ ಒಂದೊಂದು ಅಳತೆಯ ಕುರ್ಚಿ ಮಾಡಿದರೆ ಊಟದ ಮನೆ ಸರ್ಕಸ್ ಆಗುತ್ತದೆ. ಕೊನೆಗೆ 16¾ಕ್ಕೆ ನಿಲ್ಲಿಸಿದೆ. ಆಸನದ ಮುಂದಿನ ಅಂಚನ್ನು ಚೆನ್ನಾಗಿ ದುಂಡಗೆ ಕೀಸಿದೆ. ಅಮ್ಮನ ಕಾಲಡಿಗೆ ಒಂದು ಮಣೆ ಕೊಟ್ಟೆ. ಮಗ ಕಾಲು ಚಾಚಿಕೊಂಡು ಕೂರುತ್ತಾನೆ, ಅವನು ಎಲ್ಲಿ ಕೂತರೂ ಹಾಗೇ.

ಆಸನ ತಗ್ಗಿದ ಮೇಲೆ ಮೇಜು ಎದೆಗೆ ಬರತೊಡಗಿತು. ಆಸನಕ್ಕೂ ಮೇಜಿನ ಮೇಲ್ಮೈಗೂ 11ರಿಂದ 12 ಅಂಗುಲ ಇದ್ದರೆ ಹಿತ. ನಾನು ಮಾಡಿದ ಚೆಂದದ ಮೇಜಿನ ಕಾಲುಗಳನ್ನು ನಾನೇ ಒಂದೂಕಾಲು ಅಂಗುಲ ಕತ್ತರಿಸಿದೆ. ಸಂಕಟ ಆಯಿತು. ಆದರೆ ಕತ್ತರಿಸಿದ ಮೇಲೆ ಒಂದು ವಿಷಯ ಹೊಳೆಯಿತು. ನಾವು ಕೈಯಲ್ಲಿ ಉಣ್ಣುವವರು. ತುತ್ತು ಎತ್ತುವಾಗ ಸ್ವಲ್ಪ ಮುಂದಕ್ಕೆ ಬಾಗಿ ತಟ್ಟೆಯ ಹತ್ತಿರ ಹೋಗುತ್ತೇವೆ. ಚಮಚದಲ್ಲಿ ತಿನ್ನುವವರ ಮೇಜಿಗಿಂತ ನಮ್ಮ ಮೇಜು ತುಸು ತಗ್ಗಿದ್ದರೇ ಸರಿ ಅಂತ ನನಗೆ ಅನ್ನಿಸುತ್ತದೆ. ಊಟ ಮಾಡುವಾಗ ನಮ್ಮಲ್ಲಿ ಯಾರೂ ಒರಗುವುದೇ ಇಲ್ಲ. ಗಮನಿಸಿ ನೋಡಿ. ಒರಗುವುದು ಕೈ ತೊಳೆದು ಬಂದ ಮೇಲೆ, ಹರಟೆಗೆ. ನಮ್ಮ ಕಡೆಯ ಹರಟೆ ಊಟಕ್ಕಿಂತ ಉದ್ದ. ಹಾಗಾಗಿ ಒರಗಿನ ಓರೆಯನ್ನು ನಾನು ಊಟಕ್ಕಾಗಿ ಲೆಕ್ಕ ಹಾಕುವುದಿಲ್ಲ, ಹರಟೆಗಾಗಿ ಹಾಕುತ್ತೇನೆ. ನೆಟ್ಟಗಿನಿಂದ 8 ಡಿಗ್ರಿ ಹಿಂದಕ್ಕೆ.

ಆ 8 ಹೇಗೆ ಸಿಕ್ಕಿತು? ಇಟ್ಟಿಗೆ, ಪ್ಲೈವುಡ್ ಚೂರು, ಒಂದು ಹಳೇ ಕುರ್ಚಿಯ ಒರಗು, ಎರಡು ಕ್ಲ್ಯಾಂಪ್, ಇಷ್ಟರಲ್ಲಿ ಒಂದು ಅಣಕು ಕುರ್ಚಿ ಕಟ್ಟಿದೆ. ಓರೆಯನ್ನು ಬದಲಾಯಿಸುತ್ತಾ ಒಂದೊಂದು ರಾತ್ರಿ ಒಂದೊಂದು ಊಟಕ್ಕೆ ಅದರ ಮೇಲೆ ಕೂತೆವು. ಐದು ನಿಮಿಷ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಕೂತಾಗ ಹಿತವಾಗಿದ್ದ ಕುರ್ಚಿ ಮನೆಗೆ ಬಂದ ಮೇಲೆ ಬೆನ್ನು ನೋಯಿಸುವುದು ಇದಕ್ಕೇ. ಕಡುಂಬುಟ್ಟು, ಪಂದಿಕರಿ, ಎರಡನೇ ಸಲ ಬಡಿಸಿಕೊಳ್ಳುವುದು, ಆಮೇಲಿನ ಮಾತು, ಎಲ್ಲ ಸೇರಿ ಒಂದೂವರೆ ಗಂಟೆ. ಪರೀಕ್ಷೆ ಅಂದರೆ ಅದು.

ಇನ್ನು ಮೂಲೆಗಳ ವಿಷಯ. ಶೆಲ್ಫಿನಲ್ಲಿ ಎಲ್ಲ ಮೂಲೆಯೂ 90 ಡಿಗ್ರಿ. ಮೂಲೆಮಟ್ಟ ಒಂದಿದ್ದರೆ ಸಾಕು. ಊಟದ ಕುರ್ಚಿಯ ಆಸನ ಮುಂದೆ ಅಗಲ, ಹಿಂದೆ ಸಣ್ಣ. ನನ್ನದು ಮುಂದೆ 18 ಅಂಗುಲ, ಹಿಂದೆ 15½, ಉದ್ದ 16. ಪಕ್ಕದ ಪಟ್ಟಿ ಹಿಂಗಾಲಿಗೆ ಸುಮಾರು 4½ ಡಿಗ್ರಿ ಓರೆಯಾಗಿ ಬರುತ್ತದೆ. ಹಿಂಗಾಲು ತಾನೇ ನೆಟ್ಟಗಿಲ್ಲ, ಆಸನದ ಮೇಲೆ ಹಿಂದಕ್ಕೆ ವಾಲುತ್ತದೆ, ಆಸನದ ಕೆಳಗೂ ಹಿಂದಕ್ಕೆ ಚಾಚುತ್ತದೆ. ಹಾಗೆ ಚಾಚದಿದ್ದರೆ ಒರಗಿದವರು ಕುರ್ಚಿ ಸಮೇತ ಮಗುಚುತ್ತಾರೆ. ಇಂಥ ಡೊಂಕು ಕಾಲನ್ನು ಹಲಗೆಯಿಂದ ಕೊಯ್ಯುವಾಗ ಎಳೆ ಎತ್ತ ಹೋಗಿದೆ ಅಂತ ನೋಡಲೇಬೇಕು. ಎಳೆ ಕಾಲಿನ ಜೊತೆ ಬಾಗದೆ ಅಡ್ಡ ಕತ್ತರಿಸಿ ಹೋದರೆ ಕಾಲು ಅಲ್ಲೇ ಸೀಳುತ್ತದೆ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಬರುವ ಹಾಗೆ ಗುರುತು ಹಾಕಿದರೆ ಒಂದೇ ಹಲಗೆಯಲ್ಲಿ ಎರಡು ಕಾಲು ಸಿಗುತ್ತವೆ.

ಎಡಕ್ಕೂ ಬಲಕ್ಕೂ ಓರೆ ಉಲ್ಟಾ ಅನ್ನುವುದು ಮರೆಯಬಾರದು. ಮೂರನೇ ಕುರ್ಚಿಗೆ ನಾನು ಬಹಳ ಶ್ರದ್ಧೆಯಿಂದ, ಅಳತೆ ತಪ್ಪದೆ, ಎರಡು ಎಡ ಹಿಂಗಾಲು ಮಾಡಿದೆ. ಗೊತ್ತಾದದ್ದು ಜೋಡಿಸುವ ದಿನ. (ಇಲ್ಲಿ ಹಿಂದಿನ ಸಾಲಿನ ಆಚಾರಿಗಳು ಜೋರಾಗಿ ನಕ್ಕರು. ತಾವೂ ಮಾಡಿದ್ದೇವೆ ಅಂತ ಆಮೇಲೆ ಕಾಫಿ ಕುಡಿಯುವಾಗ ಒಪ್ಪಿಕೊಂಡರು.)

ನನ್ನ ಕುರ್ಚಿಯೊಂದಕ್ಕೆ 24 ಜೋಡಣೆ. ಆಸನದ ಸುತ್ತ 8, ಕೆಳಗಿನ ಅಡ್ಡಪಟ್ಟಿಗಳದ್ದು 6, ಒರಗಿನ ಎರಡು ಅಡ್ಡಪಟ್ಟಿಗೆ 4, ಅದರ ನಡುವಿನ ಮೂರು ಕಡ್ಡಿಗೆ 6. ಆರು ಕುರ್ಚಿಗೆ 144. ಒಂದು ಕುರ್ಚಿಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಯಾರಿಗೂ ಕಾಣುವುದಿಲ್ಲ. ಆರನ್ನು ಸಾಲಾಗಿ ಇಟ್ಟರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಪ್ಲೈವುಡ್ಡಿನಲ್ಲಿ ಪ್ರತಿ ತುಂಡಿಗೂ ಒಂದು ಅಚ್ಚು ಮಾಡಿಟ್ಟುಕೊಂಡಿದ್ದೇನೆ. ಅಚ್ಚಿನ ಮೇಲೆ ದೊಡ್ಡದಾಗಿ "ಎಡ", "ಬಲ" ಅಂತ ಬರೆದಿದೆ.

ಎಲ್ಲ ಸೇರಿ ಕುರ್ಚಿ ನಿಂತ ಮೇಲೆ ಅದು ಕುಂಟುತ್ತದೆ. ಕುಂಟದೇ ಇದ್ದರೆ ಅದೃಷ್ಟ. ನಮ್ಮಲ್ಲಿ ಮದುವೆಗೆ ವಧುವರರನ್ನು ಕೂರಿಸುವುದು ಮುಕ್ಕಾಲಿಯ ಮೇಲೆ. ಮೂರೇ ಕಾಲು. ಅಂಗಳದಲ್ಲಿಡಿ, ಸಗಣಿ ಸಾರಿಸಿದ ನೆಲದಲ್ಲಿಡಿ, ಅದು ಅಲುಗಾಡಲ್ಲ. ಮೂರು ಚುಕ್ಕಿಗಳು ಯಾವಾಗಲೂ ಒಂದೇ ಮಟ್ಟದ ಮೇಲೆ ಕೂರುತ್ತವೆ, ನಾಲ್ಕನೆಯದು ಬಂದಾಗ ಜಗಳ ಶುರು. ನಾಲ್ಕನೇ ಕಾಲು ಯಾಕೆ ಬೇಕಿತ್ತೋ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕುಂಟುವ ಕುರ್ಚಿಯ ಒಂದು ಕಾಲು ಉದ್ದ ಅಂತ ಅದನ್ನು ಕತ್ತರಿಸಿದೆ. ಈಗ ಇನ್ನೊಂದು ಉದ್ದ ಕಂಡಿತು. ಅದನ್ನು ಕತ್ತರಿಸಿದೆ. ಎರಡು ಬೆಕ್ಕಿನ ರೊಟ್ಟಿ ಹಂಚಲು ಬಂದ ಕೋತಿಯ ಕಥೆ ಗೊತ್ತಲ್ಲ, ಅದೇ. ಅರ್ಧ ಅಂಗುಲ ನುಂಗಿದ ಮೇಲೆ ಅನುಮಾನ ಬಂತು. ಕುರ್ಚಿಯನ್ನು ಎತ್ತಿ ಅಡಿಗೆಮನೆಯ ಗ್ರಾನೈಟ್ ಕಲ್ಲಿನ ಮೇಲೆ ಇಟ್ಟೆ. ಅಲ್ಲೂ ಕುಂಟಿತು, ಆದರೆ ಬೇರೆ ಕಾಲಿನ ಮೇಲೆ. ನಮ್ಮ ಊಟದ ಮನೆಯ ನೆಲ ಅಜ್ಜನ ಕಾಲದ ಕೆಂಪು ಗಾರೆ, ಅದೇ ಮಟ್ಟಸವಾಗಿಲ್ಲ. ಈಗ ಮಾಡುವ ಕ್ರಮ ಇಷ್ಟು: ಗ್ರಾನೈಟ್ ಮೇಲೆ ಕುರ್ಚಿ ಇಡುವುದು, ಗಿಡ್ಡ ಕಾಲುಗಳ ಅಡಿಗೆ ರಟ್ಟು ತುರುಕಿ ಅಲುಗಾಡದ ಹಾಗೆ ನಿಲ್ಲಿಸುವುದು, ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯುವುದು, ಆ ಗೆರೆಗೆ ಕತ್ತರಿಸುವುದು. ಹತ್ತು ನಿಮಿಷದ ಕೆಲಸ.

ಮರ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಕೊಡಗಿನವನಲ್ವಾ, ಬೀಟೆಯಲ್ಲಿ ಮಾಡಬಹುದಲ್ಲ ಅಂತ. ಬೀಟೆಯ ಮೇಲಿನ ಕಾನೂನಿನ ಕಟ್ಟುಪಾಡು ಒಂದು ಕಡೆ ಇರಲಿ, ಊಟದ ಕುರ್ಚಿಗೆ ಅದು ಭಾರ. ದಿನಕ್ಕೆ ಮೂರು ಸಲ ಎಳೆದು, ತಳ್ಳಿ, ಗುಡಿಸಲು ಎತ್ತಿಡುವ ವಸ್ತು ಇದು. ಇಟಲಿಯ ಜಿಯೋ ಪೊಂಟಿ ಅನ್ನುವ ವಾಸ್ತುಶಿಲ್ಪಿ 1957ರಲ್ಲಿ ಹೊರತಂದ ಒಂದು ಕುರ್ಚಿಯ ತೂಕ 1.7 ಕಿಲೋ. ಒಂದೇ ಬೆರಳಲ್ಲಿ ಎತ್ತಬಹುದು. ಅದರ ಕಾಲುಗಳ ದಪ್ಪ 18 ಮಿಲಿಮೀಟರ್ ಅಷ್ಟೇ, ಅದೂ ಮುಮ್ಮೂಲೆಯಾಗಿ ಕೆತ್ತಿದ್ದು. ನನ್ನ ಕುರ್ಚಿ ಆರು ಕಿಲೋ ದಾಟುತ್ತದೆ. ಅಷ್ಟು ಸಣ್ಣ ಕಾಲು ಮಾಡುವ ಧೈರ್ಯ ನನಗಿಲ್ಲ, ಭಾವ ಇನ್ನೂ ಬರುತ್ತಿರುತ್ತಾರೆ.

ನಾನು ಬಳಸಿದ್ದು ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ನಮ್ಮ ತೋಟಗಳಿಗೆ ನೆರಳಿಗೆ ಅಂತ ಬಂದದ್ದು, ಈಗ ಮೆಣಸಿನ ಬಳ್ಳಿಯ ಗೂಟ. ಬಿದ್ದರೆ ಪ್ಲೈವುಡ್ಡಿಗೆ ಹೋಗುತ್ತದೆ, ಯಾರೂ ಗೌರವ ಕೊಡುವುದಿಲ್ಲ. ಅದನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿ ಕೀಸುಳಿ ಹಾಕಿ ನೋಡಿ. ಹಲ್ಲಿಯ ಬೆನ್ನಿನ ಹಾಗೆ, ಲೇಸ್ ಬಟ್ಟೆಯ ಹಾಗೆ ಚುಕ್ಕೆ ಚುಕ್ಕೆಯ ಹೊಳಪು ಏಳುತ್ತದೆ. ಹಾಗೆ ಸೀಳಿದ ಹಲಗೆ ಕುಗ್ಗುವುದೂ ಕಮ್ಮಿ. ಅದರ ಹೊಟ್ಟು ಕೆಲವರಿಗೆ ಮೈ ತುರಿಕೆ ತರುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಮಳೆಗೆ ಬಿದ್ದ ಒಂದು ಹಲಸಿನ ಮರದಿಂದ ಐದನೇ ಕುರ್ಚಿ ಮಾಡಿದೆ. ಮಾಡಿದಾಗ ಅರಿಶಿನದ ಬಣ್ಣ ಇತ್ತು, ಈಗ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಮನೆಯಲ್ಲಿ ಎಲ್ಲರೂ ಅದರಲ್ಲೇ ಕೂರಬೇಕು ಅಂತಾರೆ. ಆರೂ ಒಂದೇ ಥರ ಇರಬೇಕು ಅನ್ನುವ ಹಟ ಅಲ್ಲಿಗೆ ಬಿಟ್ಟೆ.

ಮಾತು ಮುಗಿಸಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮುರಿದ ಮೊದಲ ಕುರ್ಚಿ ಏನಾಯಿತು ಅಂತ ಒಬ್ಬರು ಕೇಳಿದರು. ಒರಗು ತೆಗೆದು, ಕಾಲು ಗಿಡ್ಡ ಮಾಡಿದೆ. ಈಗ ಬಚ್ಚಲಮನೆಯ ಒಲೆಯ ಮುಂದೆ ಇದೆ. ಬೆಳಿಗ್ಗೆ ನೀರು ಕಾಯಿಸುವಾಗ ಅದರ ಮೇಲೆ ಕೂತು ಸೌದೆ ಮುಂದಕ್ಕೆ ತಳ್ಳುತ್ತೇನೆ. ಬಹಳ ಗಟ್ಟಿಯಾಗಿದೆ.

ಆರನೇ ಕುರ್ಚಿ ಯಾವಾಗ ಅಂತ ಕೇಳಿದ್ದು ನನ್ನ ಹೆಂಡತಿ. ಎರಡನೇ ಸಾಲಿನಲ್ಲಿ ಕೂತಿದ್ದಳು. ಎಲ್ಲರ ಎದುರಿಗೆ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾಯಿತು. ಪಟ್ಟಿಗಳು ಅಟ್ಟದಲ್ಲಿವೆ. ಮೊನ್ನೆ ಗುರುವಾರ ತೂಕ ಹಾಕಿದಾಗ 398 ಗ್ರಾಂ ಇತ್ತು. ಇನ್ನೂ ಇಳಿಯುತ್ತಿದೆ.